ಚಾರಣಿಗನ ಕಾರು ಎಲ್ಲಿ ನಿಲ್ಲಬೇಕು?

ಮಳೆಗಾಲ ಮುಗಿದು ಚಂದ್ರದ್ರೋಣ ಪರ್ವತದ ಹುಲ್ಲು ಇನ್ನೂ ಹಸಿರಾಗಿರುವ ದಿನಗಳಲ್ಲಿ, ಯಾವುದೇ ಭಾನುವಾರದ ಬೆಳಗ್ಗೆ ಚಿಕ್ಕಮಗಳೂರಿನ ಕೈಮರದ ತಪಾಸಣಾ ಠಾಣೆಯ ಬಳಿ ನಿಂತವರಿಗೆ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ಬೆನ್ನುಚೀಲ, ಊರುಗೋಲು, ದಪ್ಪ ಅಟ್ಟೆಯ ಬೂಟುಗಳೊಂದಿಗೆ ಸಜ್ಜಾದ ಯುವಜನರು ಕಾರಿನೊಳಗೆ ಕುಳಿತಿದ್ದಾರೆ. ಮುಂದಿನ ಕಾರು ಸರಿಯಲೆಂದು ಹಾರನ್ನು ಒತ್ತುತ್ತಿದ್ದಾರೆ. ನಡೆಯುವ ಸಲುವಾಗಿಯೇ ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು ಇವರು. ಆದರೆ ಬೆಟ್ಟದ ಬುಡಕ್ಕೆ ಬಂದು ತಲುಪಿದ ಮೇಲೆ ಇವರಿಗೆ ಎದುರಾಗುವ ಮೊದಲ ಚಿಂತೆ ನಡೆಯುವುದಲ್ಲ, ಕಾರನ್ನು ಎಲ್ಲಿ ನಿಲ್ಲಿಸುವುದು ಎಂಬುದು.

ಈ ಚಿಂತೆಯನ್ನು ಪರಿಹರಿಸುವ ನೆಪದಲ್ಲಿ ಮಲೆನಾಡಿನ ಬೆಟ್ಟಗಳಿಗೆ ಒದಗುತ್ತಿರುವ ಅಪಾಯದ ಕುರಿತು ಸಾಕಷ್ಟು ಚರ್ಚೆ ನಡೆದಿಲ್ಲ. ಚಾರಣಿಗರಿಂದ ಆಗುವ ಹಾನಿಯ ಮಾತು ಬಂದಾಗಲೆಲ್ಲ ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣ, ಬಿಯರ್ ಸೀಸೆಗಳ ಪಟ್ಟಿ ಓದಲಾಗುತ್ತದೆ. ಸ್ವಯಂಸೇವಕರು ಚೀಲ ಹಿಡಿದು ಹೊರಡುತ್ತಾರೆ, ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಅದು ಬೇಡವೆಂದಲ್ಲ. ಆದರೆ ಹೆಕ್ಕಿ ತೆಗೆಯಬಹುದಾದ ಕಸಕ್ಕಿಂತ, ಒಮ್ಮೆ ಕಡಿದರೆ ಮತ್ತೆ ಕೂಡಿಸಲಾಗದ ಗುಡ್ಡ ದೊಡ್ಡದು. ಕಾಲ್ನಡಿಗೆಯ ದಾರಿ ಒಂದು ಮೊಳದ ಅಗಲದ್ದು. ಆ ದಾರಿಯ ತುದಿಗೆ ಕಾರು ತರುವ ರಸ್ತೆ, ಆ ಕಾರು ತಿರುಗಲು ಬೇಕಾದ ಬಯಲು, ಅದರ ಸುತ್ತ ಏಳುವ ಅಂಗಡಿಸಾಲು, ಇವುಗಳ ಅಗಲಕ್ಕೆ ಮಿತಿಯೆಂಬುದೇ ಇಲ್ಲ.

ಸಂಖ್ಯೆಗಳಿಗೆ ಮಿತಿ ಹಾಕುವ ಪ್ರಯತ್ನಗಳು ನಡೆದಿವೆ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ನೆರೆದ ಚಿತ್ರಗಳು ನಾಡಿನಾದ್ಯಂತ ಹರಿದಾಡಿದ ಬಳಿಕ ಅರಣ್ಯ ಇಲಾಖೆ ಎಚ್ಚೆತ್ತು, ಚಾರಣಗಳಿಗೆ ಆನ್‌ಲೈನ್ ನೋಂದಣಿಯನ್ನೂ ದಿನದ ಮಿತಿಯನ್ನೂ ತಂದಿತು. 2025ರ ಸೆಪ್ಟೆಂಬರ್ 1ರಿಂದ ಚಿಕ್ಕಮಗಳೂರು ಜಿಲ್ಲಾಡಳಿತ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ದತ್ತಪೀಠದ ಭಾಗಕ್ಕೆ ಹೋಗುವ ಪ್ರವಾಸಿ ವಾಹನಗಳಿಗೆ ಮುಂಗಡ ನೋಂದಣಿ ಕಡ್ಡಾಯಗೊಳಿಸಿತು: ಬೆಳಗ್ಗೆ 600, ಮಧ್ಯಾಹ್ನದ ನಂತರ 600, ಒಟ್ಟು ದಿನಕ್ಕೆ 1200. ಏನೂ ಇಲ್ಲದಿದ್ದ ಕಡೆ ಏನೋ ಒಂದು ಬಂತೆಂದು ಸ್ವಾಗತಿಸಬೇಕಾದುದೇ. ಆದರೆ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಂದೊಂದು ಕಾರಿಗೆ ಆರು ಮೀಟರು ಜಾಗವೆಂದರೂ 600 ಕಾರುಗಳು ಒಂದರ ಹಿಂದೊಂದು ನಿಂತರೆ ಸಾಲಿನ ಉದ್ದ ಮೂರೂವರೆ ಕಿಲೋಮೀಟರು ದಾಟುತ್ತದೆ. ಸೀತಾಳಯ್ಯನಗಿರಿಯಿಂದ ಮುಳ್ಳಯ್ಯನಗಿರಿಯ ಮೆಟ್ಟಿಲಿನವರೆಗಿನ ಕಿರಿದಾದ ರಸ್ತೆಯನ್ನು ಕಂಡವರಿಗೆ ಇದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಈ ಮಿತಿ ಎಣಿಸುವುದು ಚಕ್ರಗಳನ್ನು. ಬೆಟ್ಟ ಎಷ್ಟು ತಾಳಬಲ್ಲದೆಂಬುದನ್ನಲ್ಲ.

ಮಿತಿ ಹಾಕಿದ ಮೇಲೂ ದಟ್ಟಣೆ ಉಳಿದರೆ ಮುಂದೆ ಬರುವ ಬೇಡಿಕೆ ಯಾವುದೆಂಬುದು ಗೊತ್ತಿರುವುದೇ: ರಸ್ತೆ ಅಗಲವಾಗಲಿ, ಮೇಲೆ ವಿಶಾಲವಾದ ವಾಹನ ನಿಲುಗಡೆ ತಾಣವಾಗಲಿ. ಕೇಳಲು ಇದು ನಿರಪಾಯಕಾರಿ ಬೇಡಿಕೆ. ನಿಲುಗಡೆ ತಾಣವೆಂದರೆ ಕಟ್ಟಡವಲ್ಲ, ಗಣಿಯಲ್ಲ, ಅಣೆಕಟ್ಟೆಯಲ್ಲ. ಒಂದಿಷ್ಟು ನೆಲವನ್ನು ಮಟ್ಟ ಮಾಡುವುದು, ಅಷ್ಟೇ ತಾನೇ? ಅಷ್ಟೇ ಅಲ್ಲ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1930 ಮೀಟರು. ಆ ಎತ್ತರದ ಇಳಿಜಾರುಗಳಲ್ಲಿ ಹಾಸಿರುವುದು ಹುಲ್ಲುಗಾವಲು, ಕಣಿವೆಗಳಲ್ಲಿ ಅಡಗಿರುವುದು ಶೋಲಾ ಕಾಡು. ಹುಲ್ಲಿನಡಿಯ ಮಣ್ಣು ತೆಳುವಾದದ್ದು, ಬೇರುಗಳಿಂದ ಹೆಣೆದುಕೊಂಡದ್ದು, ಸಾವಯವ ಅಂಶದಿಂದ ಕಪ್ಪಾದದ್ದು. ಬಿದ್ದ ಮಳೆಯನ್ನು ಆ ಹೆಣಿಗೆ ಹಿಡಿದು, ಒಳಗಿಳಿಸಿ, ದಿನಗಟ್ಟಲೆ ನಿಧಾನವಾಗಿ ಕಣಿವೆಗೆ ಬಿಡುತ್ತದೆ. ಅದೇ ಮಣ್ಣನ್ನು ಜೆಸಿಬಿಯಿಂದ ಕೆರೆದು, ಹೊರಗಿನಿಂದ ತಂದ ಗೊರಚು ಸುರಿದು, ರೋಲರ್ ಹಾಯಿಸಿದರೆ ಮಣ್ಣಿನ ಕಣಗಳ ನಡುವಿನ ರಂಧ್ರಗಳು ಮುಚ್ಚಿಹೋಗುತ್ತವೆ. ನೀರು ಇಳಿಯಲು ದಾರಿಯಿಲ್ಲದೆ ಮೇಲ್ಮೈಯಲ್ಲೇ ಓಡುತ್ತದೆ.

ಲೆಕ್ಕ ಸರಳವಾಗಿದೆ, ಹೈಸ್ಕೂಲು ವಿದ್ಯಾರ್ಥಿಯೂ ಮಾಡಬಹುದು. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಕಾರೊಂದು ನಿಲ್ಲಲು, ಹಿಂದೆ ಮುಂದೆ ಸರಿದು ತಿರುಗಲು ಸುಮಾರು 25 ಚದರ ಮೀಟರು ಬೇಕು. ನೂರು ಕಾರುಗಳಿಗೆ 2500 ಚದರ ಮೀಟರು. ಆಷಾಢದ ಒಂದು ದಿನ 100 ಮಿಲಿಮೀಟರು ಮಳೆ ಸುರಿದರೆ, ಅದು ಮಲೆನಾಡಿನಲ್ಲಿ ಅಪರೂಪವೇನಲ್ಲ, ಆ ಚಿಕ್ಕ ಬಯಲಿನ ಮೇಲೆ ಬೀಳುವುದು ಎರಡೂವರೆ ಲಕ್ಷ ಲೀಟರು. ಆರುನೂರು ಕಾರುಗಳಿಗೂ ಮೇಲೆಯೇ ಜಾಗ ಮಾಡಿಕೊಡಹೊರಟರೆ ಹೆಚ್ಚುಕಡಿಮೆ ಮೂರೂಮುಕ್ಕಾಲು ಎಕರೆ ಬೇಕು. ಅದರ ಮೇಲಿನ ನೀರು ಹದಿನೈದು ಲಕ್ಷ ಲೀಟರು. ಹುಲ್ಲಿದ್ದಾಗ ಇಡೀ ಇಳಿಜಾರಿನಲ್ಲಿ ಹಂಚಿಹೋಗುತ್ತಿದ್ದ ಈ ನೀರು ಈಗ ಒಂದು ಚರಂಡಿಗೆ ಸೇರಿ, ಒಂದು ಮೋರಿಯ ಬಾಯಿಂದ, ಒಂದೇ ಜಾಗಕ್ಕೆ ಧುಮುಕುತ್ತದೆ. ಮೊದಲ ವರ್ಷ ಅಲ್ಲೊಂದು ಕೊರಕಲು, ಮೂರನೆಯ ವರ್ಷಕ್ಕೆ ಅದು ಹಳ್ಳ. ಅದರ ಕೆಳಗೆ ಯಾರದೋ ಕಾಫಿ ತೋಟವಿರುತ್ತದೆ, ತೋಟದ ಕೆಳಗೆ ಕೂಲಿಕಾರರ ಲೈನ್ ಮನೆಗಳಿರುತ್ತವೆ. ದರೆ ಕುಸಿದಾಗ ಪತ್ರಿಕೆಗಳು ಅದನ್ನು ಪ್ರಕೃತಿ ವಿಕೋಪವೆಂದು ಬರೆಯುತ್ತವೆ.

ರಸ್ತೆ ಅಗಲಗೊಳಿಸುವಾಗ ಗುಡ್ಡದ ಬುಡವನ್ನೇ ಕಡಿಯಬೇಕಾಗುತ್ತದೆ. ಬುಡ ಕಳೆದುಕೊಂಡ ಇಳಿಜಾರು ತನ್ನ ತೂಕಕ್ಕೂ ಒಳಗೆ ತುಂಬಿದ ನೀರಿನ ಒತ್ತಡಕ್ಕೂ ಎದುರು ನಿಲ್ಲಲಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಅಗಲಗೊಂಡ ಹೆದ್ದಾರಿಯ ಮೇಲೆ ಗುಡ್ಡ ಉರುಳಿ ಬಿದ್ದುದನ್ನು, ರಸ್ತೆಬದಿಯ ಚಹಾದ ಅಂಗಡಿಯ ಕುಟುಂಬ ಮಣ್ಣುಪಾಲಾದುದನ್ನು ಕಂಡ ಮೇಲೂ ಬೆಟ್ಟದ ರಸ್ತೆ ಇನ್ನೆರಡು ಮೀಟರು ಅಗಲವಾದರೆ ಏನಾದೀತು ಎಂದು ಕೇಳುವವರಿದ್ದಾರೆ.

ಇನ್ನೊಂದು ಹಾನಿ ಸದ್ದಿಲ್ಲದೆ ಬರುವಂಥದ್ದು. ಟೈರಿನ ಕೆಸರಿನಲ್ಲಿ, ಹೊರಗಿನಿಂದ ತಂದು ಸುರಿದ ಮಣ್ಣಿನಲ್ಲಿ ಕಾಂಗ್ರೆಸ್ ಹುಲ್ಲು, ಯುಪಟೋರಿಯಂ, ಲಂಟಾನಗಳ ಬೀಜಗಳು ಏರಿ ಬರುತ್ತವೆ. ಹೆಣೆದುಕೊಂಡ ಹುಲ್ಲಿನ ನಡುವೆ ಅವಕ್ಕೆ ಸುಲಭವಾಗಿ ನೆಲೆ ಸಿಗದು. ಕೆರೆದ ಮಣ್ಣಿನ ಅಂಚು ಸಿಕ್ಕರೆ ಸಾಕು. ಮಲೆನಾಡಿನ ಯಾವುದೇ ಹೊಸ ರಸ್ತೆಯ ಎರಡೂ ಬದಿಯನ್ನು ನೋಡಿದರೆ ಈ ಮಾತು ಮನವರಿಕೆಯಾಗುತ್ತದೆ. 2022ರಲ್ಲಿ ಈ ಗಿರಿಸಾಲು ನೀಲಕುರಿಂಜಿಯಿಂದ, ಮಲೆನಾಡಿಗರ ಗುರ್ಗಿಯಿಂದ, ತುಂಬಿದಾಗ ಅದನ್ನು ನೋಡಲು ಕಾರುಗಳ ಸಾಲೇ ಬಂತು. ಹೂವನ್ನು ನೋಡಲು ಬಂದವರ ಚಕ್ರಗಳೇ ಹೂಬಿಡುವ ನೆಲದ ಅಂಚಿಗೆ ಕಳೆಯ ಬೀಜ ತಂದು ಹಾಕುತ್ತವೆಂಬುದು ಅಂದು ಯಾರಿಗೂ ಹೊಳೆದಂತಿರಲಿಲ್ಲ.

ಈ ಹುಲ್ಲುಗಾವಲು ಕೇವಲ ಮಲೆನಾಡಿನ ಸ್ವತ್ತಲ್ಲ. ಇಲ್ಲಿಂದ ಪೂರ್ವಕ್ಕಿಳಿಯುವ ತೊರೆಗಳು ವೇದಾವತಿಯಾಗಿ ಕಡೂರಿನ ಬಯಲನ್ನು ಹಾದು ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರವನ್ನು ಸೇರುತ್ತವೆ. 1933ರ ನಂತರ ಮತ್ತೆ ಕೋಡಿ ಬೀಳಲು ಆ ಜಲಾಶಯ 2022ರವರೆಗೆ ಕಾಯಬೇಕಾಯಿತು. ಅಯ್ಯನಕೆರೆ, ಮದಗದಕೆರೆಗಳಂಥ ಹಿರಿಯ ಕೆರೆಗಳು ನೀರಿಗಾಗಿ ಮುಖಮಾಡಿರುವುದು ಇದೇ ಗಿರಿಗಳತ್ತ. ಮೇಲೆ ಒಂದು ಎಕರೆ ಹುಲ್ಲು ಡಾಂಬರಿನಡಿ ಹೋದರೆ ಅದರ ಸುದ್ದಿ ಬಯಲುಸೀಮೆಯ ರೈತನಿಗೆ ತಲುಪುವುದು ಬೇಸಗೆಯಲ್ಲಿ ಮಾತ್ರ.

ಇನ್ನು ಊರಿನವರ ಪಾಡು. ಚಾರಣದ ಋತುವೂ ಕಾಫಿ ಕೊಯ್ಲಿನ ಋತುವೂ ಒಂದೇ. ಹಣ್ಣು ಕೊಯ್ಯುವ ಆಳುಗಳನ್ನು ತರುವ ಪಿಕಪ್, ಹಾಲಿನ ವಾಹನ, ಆಸ್ಪತ್ರೆಗೆ ಹೊರಟ ಬಸುರಿ, ಎಲ್ಲರೂ ಒಂದೇ ರಸ್ತೆಯಲ್ಲಿ ಪ್ರವಾಸಿ ಕಾರುಗಳ ಹಿಂದೆ ಕಾಯಬೇಕು. ವಿಪರ್ಯಾಸವೆಂದರೆ, ಕಳಸ ಭಾಗದ ಒಂಟಿ ಹಳ್ಳಿಗಳಲ್ಲಿ ರೋಗಿಗಳನ್ನು ಇಂದಿಗೂ ಜೋಳಿಗೆಯಲ್ಲಿ ಹೊತ್ತು ತರುವ ಪ್ರಸಂಗಗಳು ವರದಿಯಾಗುತ್ತಿವೆ. ಅಂಥ ಊರುಗಳು ಒಂದು ಕಾಲುಸಂಕ, ಒಂದು ಕಚ್ಚಾ ರಸ್ತೆ ಕೇಳಿದಾಗ ಅರಣ್ಯ ಕಾಯ್ದೆಯ ಪುಟಗಳು ತೆರೆದುಕೊಳ್ಳುತ್ತವೆ. ವಾರಾಂತ್ಯದ ಅತಿಥಿಗಳಿಗಾಗಿ ರಸ್ತೆ ಅಗಲವಾಗಬೇಕೆಂದಾಗ ಆ ಪುಟಗಳು ಮುಚ್ಚಿಕೊಳ್ಳುವುದಾದರೆ ಅದನ್ನು ಪರಿಸರ ಸಂರಕ್ಷಣೆ ಎನ್ನಲಾಗದು. ಬೆಟ್ಟದಲ್ಲಿ ಯಾರ ರಸ್ತೆ ಮೊದಲು ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಬೇಕು: ಅಲ್ಲಿ ವರ್ಷವಿಡೀ ಬದುಕುವವರದು.

ಪ್ರವಾಸೋದ್ಯಮದಿಂದ ಊರಿಗೆ ಆದಾಯವಿಲ್ಲವೇ ಎಂದು ಕೇಳುವವರಿಗೆ ಕುದುರೆಮುಖದ ಮುಳ್ಳೋಡಿಯನ್ನೂ ಕೊಡಚಾದ್ರಿಯನ್ನೂ ತೋರಿಸಬೇಕು. ಅಲ್ಲಿ ಹೊರಗಿನವರ ಕಾರು ಕೆಳಗೆ ನಿಲ್ಲುವುದರಿಂದಲೇ ಸ್ಥಳೀಯ ಜೀಪುಗಳಿಗೆ ಬಾಡಿಗೆ ಸಿಗುತ್ತದೆ. ರಸ್ತೆ ನುಣುಪಾಗಿ ಕಾರುಗಳು ತುದಿಯವರೆಗೆ ಹೋದ ದಿನ ಮೊದಲು ಕೆಲಸ ಕಳೆದುಕೊಳ್ಳುವವನು ಜೀಪಿನ ಚಾಲಕ, ಅವನ ಹಿಂದೆಯೇ ಬುಡದ ಊರಿನ ಹೋಟೆಲಿನವನು. ಜೀಪುಗಳೂ ನಿರ್ದೋಷಿಗಳಲ್ಲ, ಕೊಡಚಾದ್ರಿಯ ದಾರಿಯನ್ನು ಅವು ಕೊರೆದಿರುವ ಪರಿ ಕಣ್ಣಿಗೆ ರಾಚುವಂತಿದೆ. ಅವುಗಳ ಸರದಿಗೂ ಸಂಖ್ಯೆಗೂ ಕಟ್ಟುಪಾಡು ಬೇಕು. ಆದರೆ ಊರಿನ ಹತ್ತು ಜೀಪುಗಳನ್ನು ನಿಯಂತ್ರಿಸುವುದು ಊರಿಗೆ ಸಾಧ್ಯ, ಎಲ್ಲಿಂದಲೋ ಬರುವ ಸಾವಿರ ಕಾರುಗಳನ್ನಲ್ಲ.

ಕಾರನ್ನು ಕೆಳಗೇ ತಡೆಯುವುದು ಕನಸಿನ ಮಾತೂ ಅಲ್ಲ. ಇದೇ ಸಹ್ಯಾದ್ರಿಯ ಸಾಲಿನಲ್ಲಿರುವ ಮಹಾರಾಷ್ಟ್ರದ ಮಾಥೇರಾನಿನಲ್ಲಿ ಪ್ರವಾಸಿಗಳ ಕಾರುಗಳು ದಸ್ತೂರಿ ನಾಕಾದಲ್ಲೇ ನಿಲ್ಲಬೇಕು; ಮುಂದಕ್ಕೆ ಕಾಲ್ನಡಿಗೆ, ಕುದುರೆ ಅಥವಾ ಪುಟ್ಟ ರೈಲು. ಅಲ್ಲಿಯೂ ಕೊರತೆಯಿಲ್ಲದಿಲ್ಲ. ಮನುಷ್ಯರು ಮನುಷ್ಯರನ್ನು ಎಳೆಯುವ ರಿಕ್ಷಾಗಳನ್ನು ನಿಲ್ಲಿಸಿರೆಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಶಬರಿಮಲೆ. 2018ರ ಆಗಸ್ಟಿನ ಪ್ರವಾಹ ಪಂಪಾ ತೀರದ ನಿಲುಗಡೆ ತಾಣಗಳನ್ನು ಹಾಳುಗೆಡವಿದ ಮೇಲೆ ಆ ವರ್ಷದ ಯಾತ್ರೆಗೆ ನಿಲಕ್ಕಲ್ ನೆಲೆಯಾಯಿತು. ಲಕ್ಷಾಂತರ ಯಾತ್ರಿಕರು ಅಲ್ಲಿಂದ ಪಂಪೆಗೆ ಸರ್ಕಾರಿ ಬಸ್ಸಿನಲ್ಲಿ ಹೋಗಿ ಬೆಟ್ಟ ಹತ್ತಿದರು. ಹೊಳೆ ಕಲಿಸಿದ ಈ ಪಾಠವನ್ನು ನಂತರ ಅಲ್ಲಲ್ಲಿ ಸಡಿಲಿಸಿದ್ದೂ ಉಂಟು. ಆದರೂ ವ್ರತ ಹಿಡಿದು ಬರಿಗಾಲಲ್ಲಿ ಹೋಗುವವರು ಬಸ್ಸು ಬದಲಿಸಬಲ್ಲರಾದರೆ, ಸಾವಿರಾರು ರೂಪಾಯಿಯ ಬೂಟು ಹಾಕಿಕೊಂಡವರಿಗೆ ಅದು ಕಷ್ಟವಾಗಬಾರದು.

ಹಾಗಾದರೆ ವಯಸ್ಸಾದ ಭಕ್ತರು, ಅಂಗವಿಕಲರು? ಅವರಿಗಾಗಿ ಚಿಕ್ಕ ವಾಹನಗಳು ಮೇಲಕ್ಕೆ ಹೋಗಲಿ; ಅವರ ಹೆಸರಿನಲ್ಲಿ ಆರುನೂರು ಕಾರುಗಳು ಹೋಗುವುದು ಬೇಡ. 1200 ಕಾರುಗಳಲ್ಲಿ ನಾಲ್ಕು ನಾಲ್ಕು ಮಂದಿಯೆಂದರೆ 4800 ಜನ. ನಲವತ್ತು ಆಸನದ ಬಸ್ಸಿಗೆ ಇದು ದಿನಕ್ಕೆ 120 ಸುತ್ತಿನ ಕೆಲಸ. ತಿರುವುಗಳಿಗೆ ಹೊಂದುವ ಇಪ್ಪತ್ತೈದು ಆಸನದ ಮಿನಿ ಬಸ್ಸಾದರೆ 192 ಸುತ್ತು. ಬೆಟ್ಟಕ್ಕೆ ಅಷ್ಟು ಜನರೂ ಹೆಚ್ಚೇ, ಆ ಸಂಖ್ಯೆಯೂ ಇಳಿಯಬೇಕು. ಬಸ್ಸು ಬಂದರೆ ಕಾರಿಲ್ಲದ ವಿದ್ಯಾರ್ಥಿಗೂ ಬೆಟ್ಟ ದಕ್ಕುತ್ತದೆ. 2023ರ ಜೂನ್‌ನಿಂದ ರಾಜ್ಯದ ಹೆಣ್ಣುಮಕ್ಕಳು ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಬೆಟ್ಟದ ಬುಡದವರೆಗೆ ಬಂದ ಆ ಅವಕಾಶ ಅಲ್ಲಿಂದ ಮುಂದಕ್ಕೆ ಬಾಡಿಗೆ ಜೀಪಿನ ದರದ ಮುಂದೆ ನಿಂತುಬಿಡುತ್ತದೆ.

2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಗಣಿಗಾರಿಕೆ ನಿಂತಾಗ ಅದಕ್ಕಾಗಿ ವರ್ಷಗಟ್ಟಲೆ ದುಡಿದ ಮಲೆನಾಡಿಗರು ಇನ್ನು ಬೆಟ್ಟ ಉಳಿಯಿತೆಂದು ಭಾವಿಸಿದ್ದರು. ಆಗ ಎದುರಾಳಿ ಒಂದು ಕಂಪನಿಯಾಗಿತ್ತು. ಅದಕ್ಕೊಂದು ಹೆಸರು, ಒಂದು ಪರವಾನಗಿ, ಒಂದು ಕೊನೆಯ ದಿನಾಂಕವಿತ್ತು. ಈಗ ಬರುತ್ತಿರುವವರು ಬೆಟ್ಟವನ್ನು ಪ್ರೀತಿಸುವವರೇ, ಆ ಹೋರಾಟದ ಕಥೆ ಕೇಳಿ ಮೆಚ್ಚುವವರೇ. ಅದರಿಂದಾಗಿ ಅವರೊಡನೆ ಮಾತಾಡುವುದು ಸುಲಭವಾಗಬೇಕು.

ಮುಂದಿನ ಮಳೆಗಾಲದೊಳಗೆ ಗಿರಿಭಾಗದ ಗ್ರಾಮಸಭೆಗಳು ನಿರ್ಣಯ ಮಾಡಿ ಕಳಿಸಬೇಕಾದದ್ದು ಇಷ್ಟು: ಕೈಮರದಿಂದ ಮೇಲೆ ಹೊಸ ನಿಲುಗಡೆ ತಾಣಕ್ಕಾಗಿ ಒಂದು ಗುಂಟೆ ಹುಲ್ಲುಗಾವಲನ್ನೂ ಮುಟ್ಟಕೂಡದು, ಪ್ರವಾಸಿ ಕಾರುಗಳು ನಗರದ ಅಂಚಿನಲ್ಲಿ, ಈಗಾಗಲೇ ಮಟ್ಟವಾಗಿರುವ ನೆಲದಲ್ಲಿ ನಿಲ್ಲಬೇಕು, ಅದಕ್ಕಾಗಿ ಗೋಮಾಳವನ್ನೋ ಕೆರೆಯಂಗಳವನ್ನೋ ಕಬಳಿಸಬಾರದು, ನೋಂದಣಿಯ ಹಣದಲ್ಲಿ ಪಂಚಾಯಿತಿಗಳಿಗೆ ಪಾಲು ಬೇಕು, ಅದರ ಮೊದಲ ಖರ್ಚು ಈಗಿರುವ ರಸ್ತೆಯ ಚರಂಡಿ ಮೋರಿಗಳ ದುರಸ್ತಿಗೆ. ಉಳಿದಂತೆ, ಸರ್ಪದಾರಿಯಿಂದ ಮುಳ್ಳಯ್ಯನಗಿರಿಗೆ, ಅಲ್ಲಿಂದ ಶಿಖರಸಾಲಿನ ಮೇಲೆ ದತ್ತಪೀಠದತ್ತ, ಕೆಮ್ಮಣ್ಣುಗುಂಡಿಯತ್ತ ಸಾಗುವ ಕಾಲುದಾರಿ ಮೊದಲಿನಿಂದಲೂ ಇದೆ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಚಾರಣಿಗನಿಗೆ ಹತ್ತಿದ ಕಡೆ ಬಿಟ್ಟುಬಂದ ಕಾರು ಹೇಗೂ ಹೊರೆಯೇ. ಸರ್ಪದಾರಿಯ ಬುಡದಲ್ಲಿ ಒಂದು ಬಸ್ಸು ನಿಂತು ಜನರನ್ನಿಳಿಸಲು ಬೇಕಾಗುವುದು ಹನ್ನೆರಡು ಮೀಟರು ಉದ್ದದ ಜಾಗ.