ಗುಡ್ಡದ ಲೆಕ್ಕವೂ ಒರಟು ನಕ್ಷೆಯೂ

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಮಣ್ಣು ಗಂಗಾವಳಿ ನದಿಗೆ ನುಗ್ಗಿದ್ದನ್ನು ಮುಂದಿಟ್ಟುಕೊಂಡು, ಗಣಕ ಮಾದರಿಗಳಿಂದ ಭೂಕುಸಿತವನ್ನು ಅರಿಯಹೊರಡುವುದೇ ವ್ಯರ್ಥವೆಂದು ಇತ್ತೀಚಿನ ಲೇಖನವೊಂದು ಕೊಟ್ಟಿರುವ ತೀರ್ಪು ಅವಸರದ್ದು. ಇಳಿಜಾರಿನ ಮಣ್ಣನ್ನು ಹಿಡಿದಿಡುವ ಬಲವನ್ನು ಕೆಳಗೆಳೆಯುವ ಬಲದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಗೆ ಸುರಕ್ಷತಾ ಗುಣಾಂಕವೆಂದು ಹೆಸರು. ಮಳೆನೀರು ಇಂಗಿ ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಏರಿದಂತೆ ಅದು ಇಳಿಯುತ್ತ ಬಂದು, 1ಕ್ಕಿಂತ ಕೆಳಗಾದೊಡನೆ ಗುಡ್ಡ ಜಾರುತ್ತದೆ. ದೋಷವಿರುವುದು ಈ ಲೆಕ್ಕಕ್ಕಿಂತ ಹೆಚ್ಚಾಗಿ ಅದಕ್ಕೆ ಉಣಿಸುವ ನಕ್ಷೆಯಲ್ಲಿ: ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳು ಸಾಮಾನ್ಯವಾಗಿ ನೆಲವನ್ನು 30 ಮೀಟರಿನ ಚೌಕಗಳಾಗಿ ಒಡೆದು ಪ್ರತಿ ಚೌಕಕ್ಕೆ ಒಂದೇ ಎತ್ತರವನ್ನು ಬರೆಯುವುದರಿಂದ, ರಸ್ತೆ ಅಗಲಿಸಲು ಜೆಸಿಬಿ ನೆಟ್ಟಗೆ ಕಡಿದ ಹತ್ತು ಮೀಟರಿನ ಮಣ್ಣಗೋಡೆ ಅಲ್ಲಿ ಸೌಮ್ಯ ಇಳಿಜಾರಾಗಿ ಸವರಿಹೋಗುತ್ತದೆ. ನದಿಗಳ ಕೊರೆತವನ್ನು ಲಕ್ಷಾಂತರ ವರ್ಷಗಳ ಅವಧಿಗೆ ಲೆಕ್ಕಹಾಕುವ ಭೂರೂಪ ವಿಕಾಸದ ಮಾದರಿಯು ನಾಳೆ ಬೀಳುವ ಗುಡ್ಡವನ್ನು ಹೇಳಲಿಲ್ಲವೆಂದು ದೂರುವುದಂತೂ ಪಂಚಾಂಗವನ್ನು ಗಡಿಯಾರವೆಂದು ಬಗೆದಂತೆ. ಊರ ಹಿರಿಯರ ಅನುಭವವೇ ಸಾಕೆಂಬ ವಾದವೂ ನಿಲ್ಲದು. ಹಿಂದೆಂದೂ ಕಡಿಯದ ಗುಡ್ಡವನ್ನು ಹೊಸದಾಗಿ ಕಡಿದಾಗ ಅದು ಹೇಗೆ ವರ್ತಿಸುತ್ತದೆಂಬ ನೆನಪು ಯಾರಲ್ಲೂ ಇರಲಾರದು, ಆದರೆ ಈ ಮಳೆಗಾಲದಲ್ಲಿ ಹೊಸ ಒರತೆ ಎಲ್ಲಿ ಒಡೆಯಿತೆಂಬ ಅವರ ಮಾಹಿತಿ ನೀರಿನ ಒತ್ತಡದ ಲೆಕ್ಕಕ್ಕೆ ನೇರವಾಗಿ ಬೇಕಾದದ್ದೇ.