ಕನಿಷ್ಠ ಬಾಕಿ ಎಂಬ ದೊಡ್ಡ ಹೊರೆ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹಾದಿಯಲ್ಲಿ ತಾಂಡವಪುರವೆಂಬ ಊರಿದೆ. ನಾವು ಬಾಲ್ಯದಲ್ಲಿ ಕಂಡಾಗ ಅದು ಹೊಲಗಳ ನಡುವಿನ ಹಳ್ಳಿ. ಇಂದು ಅದರ ಆಸುಪಾಸಿನಲ್ಲಿ ಕೈಗಾರಿಕಾ ಪ್ರದೇಶ ಬೆಳೆದಿದೆ. ಕೋಳಿ ಕೂಗಿಗೆ ಏಳುತ್ತಿದ್ದ ಮನೆಗಳು ಈಗ ಪಾಳಿಯ ಸಮಯಕ್ಕೆ ಏಳುತ್ತವೆ. ತಿಂಗಳ ಸಂಬಳ ಬಂದಿತು. ಅದರ ಬೆನ್ನಿಗೆ ಸಾಲದ ಕಾರ್ಡೂ ಬಂದಿತು.

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ಆ ಊರಿನ ಗೃಹಸ್ಥರೊಬ್ಬರು ಪತ್ನಿಸಮೇತರಾಗಿ ನಮ್ಮಲ್ಲಿಗೆ ಬಂದರು. ಕಾರ್ಖಾನೆಯ ನೌಕರರು, ವಯಸ್ಸು ನಲವತ್ತರ ಸಮೀಪ. ಮಗನ ಲಿಂಗದೀಕ್ಷೆಗೆ ನಾವು ಹೇಳಿದ್ದ ದಿನವನ್ನು ಮುಂದಕ್ಕೆ ಹಾಕಬೇಕೆಂಬುದು ಅವರ ಕೋರಿಕೆ. ಕಾರಣ ಕೇಳಿದರೆ ಉತ್ತರವಿಲ್ಲ. ತಂಪಾದ ಹೊತ್ತಿನಲ್ಲಿಯೂ ಅವರ ಹಣೆ ಬೆವರುತ್ತಿತ್ತು. ಆರೋಗ್ಯ ವಿಚಾರಿಸಿದೆವು. “ಗುರುಗಳೇ, ಬಿ.ಪಿ. ಮಾತ್ರೆ ಬಿಟ್ಟು ಎರಡು ತಿಂಗಳಾಯಿತು. ಆ ದುಡ್ಡೂ ಕಾರ್ಡಿನ ಕಂತಿಗೆ ಬೇಕಾಯಿತು” ಎಂದರು. ಪಕ್ಕದಲ್ಲಿ ಕುಳಿತಿದ್ದ ಆ ತಾಯಿ ಪತಿಯ ಮುಖವನ್ನೇ ನೋಡಿದರು. ಸಾಲವಿರುವುದು ಆಕೆಗೆ ತಿಳಿದದ್ದೇ ಆ ಕ್ಷಣದಲ್ಲಿ.

ಸಾಲ ದುಂದುವೆಚ್ಚದಿಂದ ಆದುದಲ್ಲ. ಅವರ ಸಂಬಳ ಸ್ವಲ್ಪ ಏರಿ, 2017ರ ಜನವರಿಯಲ್ಲಿ ಜಾರಿಗೆ ಬಂದ 21,000 ರೂಪಾಯಿಗಳ ಮಿತಿಯನ್ನು ದಾಟಿದಾಗ ಇ.ಎಸ್.ಐ. ಸೌಲಭ್ಯ ಕೈಬಿಟ್ಟಿತು. ಅನಂತರದ ಕೆಲವೇ ತಿಂಗಳಲ್ಲಿ ತಂದೆ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯ ಬಿಲ್ಲನ್ನು ಕಾರ್ಡಿನಲ್ಲಿ ಕಟ್ಟಿದರು. ಅದರ ಮೇಲೆ ಮಗನ ಶಾಲೆಯ ಶುಲ್ಕ ಸೇರಿತು. ಒಟ್ಟು ಒಂದು ಲಕ್ಷವಾಯಿತು. ಅದನ್ನು ತೀರಿಸಲು ಪಾಳಿಯ ಮೇಲೆ ಪಾಳಿ ದುಡಿದರು. ನಿದ್ದೆ ಕೆಟ್ಟಿತು, ರಕ್ತದೊತ್ತಡ ಏರಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮನೆಗೆ ರೋಗ ಬಂದಾಗ ಹಾಸಿಗೆಯೇ ಕಿರಿದಾಗುವುದನ್ನು ನಾವು ನೆನೆಯುವುದಿಲ್ಲ.

“ಒಂದು ತಿಂಗಳೂ ತಪ್ಪಿಸಿಲ್ಲ, ಗುರುಗಳೇ. ಕೇಳಿದ ಐದು ಸಾವಿರ ಕಟ್ಟುತ್ತಲೇ ಇದ್ದೇನೆ. ಸಾಲ ಮಾತ್ರ ಅಲ್ಲೇ ನಿಂತಿದೆ” ಎಂದು ಅವರು ಕೈಚೆಲ್ಲಿದರು. ನಾವು ಮಠದಲ್ಲಿ ಓದಿದವರು. ವ್ಯಾಕರಣ ಕಲಿತೆವು, ತತ್ತ್ವ ಕಲಿತೆವು. ಬ್ಯಾಂಕಿನ ಲೆಕ್ಕ ಕಲಿಯಲಿಲ್ಲ. ಆದುದರಿಂದ ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಮಿತ್ರರೊಬ್ಬರನ್ನು ಮರುದಿನ ಬರಮಾಡಿಕೊಂಡೆವು. ಅವರು ಬಿಲ್ಲನ್ನು ಬಿಡಿಸಿ ತೋರಿಸಿದ ಲೆಕ್ಕವನ್ನು ಓದುಗರೂ ಗಮನಿಸಬೇಕು.

ಆ ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. ಅಂದರೆ ವರ್ಷಕ್ಕೆ ಶೇ. 42. ಒಂದು ಲಕ್ಷಕ್ಕೆ ತಿಂಗಳ ಬಡ್ಡಿ 3,500 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18ರ ಜಿ.ಎಸ್.ಟಿ. 630 ರೂಪಾಯಿ. ‘ಕನಿಷ್ಠ ಬಾಕಿ’ ಎಂದು ಕಟ್ಟಿದ 5,000ದಲ್ಲಿ ಅಸಲಿಗೆ ಸಂದದ್ದು 870 ರೂಪಾಯಿ ಮಾತ್ರ! ಇದಲ್ಲದೆ, ಹಳೆಯ ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ದೊರೆಯುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಕನಿಷ್ಠವನ್ನೇ ಕಟ್ಟುತ್ತ ಹೋದರೆ ಸಾಲ ತೀರಲು ತಿಂಗಳುಗಳು, ವರ್ಷಗಳು ಹಿಡಿಯುತ್ತವೆಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ವಿಧಿಸಿತು. ಆ ಸಾಲನ್ನು ಓದುವವರೆಷ್ಟು ಮಂದಿ?

ಇದನ್ನು ಕೇಳುತ್ತಿದ್ದಂತೆ ನಮಗೆ ನಮ್ಮ ತಂದೆಯವರ ನೆನಪಾಯಿತು. ಅವರು ವರ್ಷಕ್ಕೊಮ್ಮೆ ಸಾಹುಕಾರರ ಮನೆಗೆ ಹೋಗಿ ಬಡ್ಡಿ ಕಟ್ಟಿ ಬಂದು, “ಈ ವರ್ಷದ್ದು ಮುಗಿಯಿತು” ಎಂದು ನೆಮ್ಮದಿಯಿಂದ ಎಲೆಯಡಿಕೆ ಹಾಕುತ್ತಿದ್ದರು. ಅಸಲು ಇದ್ದಷ್ಟೇ ಇತ್ತು. ಸಾಲವಿತ್ತೆಂಬುದು ನಮ್ಮ ತಾಯಿಗೆ ತಿಳಿದದ್ದು ತಂದೆಯವರು ಲಿಂಗೈಕ್ಯರಾದ ಮೇಲೆ, ಪತ್ರ ಹಿಡಿದು ಬಂದವರ ಬಾಯಿಂದ. ತಾಯಿ ಅತ್ತುದು ಹಣಕ್ಕಾಗಿ ಅಲ್ಲ. “ನನಗೆ ಒಂದು ಮಾತು ಹೇಳಲಿಲ್ಲವಲ್ಲ” ಎಂಬುದೊಂದೇ ಅವರ ಕೊರಗಾಗಿತ್ತು.

ಆದುದರಿಂದ ಸಾಲ ತೀರಿಸುವ ಮೊದಲ ಹೆಜ್ಜೆ ಹಣವಲ್ಲ, ಮಾತು. ಗೃಹಸ್ಥಧರ್ಮವೆಂದರೆ ಇಬ್ಬರೂ ಸಮನಾಗಿ ಹೊರುವ ನೊಗ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಾಕೆ ಲಕ್ಕಮ್ಮ. ಮನೆಯ ಲೆಕ್ಕ ಆಕೆಗೆ ತಿಳಿದಿದ್ದುದರಿಂದಲೇ ಆ ಮಾತು ಹೊರಟಿತು. ತಿಳಿಸದೆ ಇಟ್ಟ ಪತ್ನಿ ಯಾವ ಬುದ್ಧಿಮಾತು ಹೇಳಿಯಾಳು?

ಎರಡನೆಯದು ಆರೋಗ್ಯ. ದುಡಿಯುವ ದೇಹ ನೆಲ ಹಿಡಿದರೆ ಕಂತು ಕಟ್ಟುವವರಾರು? ರಕ್ತದೊತ್ತಡದ ಸಾಮಾನ್ಯ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಜನೌಷಧಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ. ಮಾತ್ರೆಯನ್ನು ಕಂತಿಗೆ ಒತ್ತೆಯಿಡಬಾರದು.

ಮೂರನೆಯದು, ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಿಸುವುದು. ಇದು ಹೊಸ ಮಾತಲ್ಲ. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಲೆಂದೇ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಈ ದಂಪತಿಗಳ ಪಾಲಿಗೆ ದಾರಿ ಮನೆಯಲ್ಲಿಯೇ ಇತ್ತು. ಲೆಕ್ಕ ಕೇಳಿ ಮುಗಿಸಿದ ಆ ತಾಯಿ ಕೈಯ ಬಳೆಗಳನ್ನು ಮುಟ್ಟಿ, “ಇವು ನನ್ನ ಕೈಯಲ್ಲಿ ಇದ್ದು ಇವರ ಜೀವ ಹೋಗುವುದು ಬೇಡ” ಎಂದರು. ಪತಿ ತಲೆಯೆತ್ತಲಿಲ್ಲ. ನಾವೂ ತಕ್ಷಣ ಹೂಂ ಎನ್ನಲಿಲ್ಲ. ಒಡವೆ ಅಡವಿಟ್ಟು ಕಾರ್ಡನ್ನೂ ಉಜ್ಜುತ್ತಲೇ ಇದ್ದರೆ ಎರಡೂ ಹೋಗುತ್ತವೆ. ಕಾರ್ಡು ಮುಚ್ಚಿಸುವುದಾದರೆ ಮಾತ್ರ ಆಗಬಹುದೆಂದೆವು. ಅವರು ಒಪ್ಪಿದರು. ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ ಚಿನ್ನದ ಸಾಲ ಪಡೆದು ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸಿದರು. ತಿಂಗಳಿಗೆ 7,000 ಕಟ್ಟಿದರೆ ಕಾರ್ಡಿನ ಸಾಲ ತೀರಲು ಸುಮಾರು 22 ತಿಂಗಳು, ಒಟ್ಟು 1,54,000 ರೂಪಾಯಿ ಬೇಕಿತ್ತು. ಈಗ 16 ತಿಂಗಳು, ಸುಮಾರು 1,08,000 ಸಾಕು. ಬಾಕಿ ತೀರಿದ ಮೇಲೆ ಮುಚ್ಚಿರೆಂದು ಬರೆದು ಕೊಟ್ಟರೆ ಏಳು ಕೆಲಸದ ದಿನಗಳಲ್ಲಿ ಕಾರ್ಡನ್ನು ಮುಚ್ಚಬೇಕೆಂಬುದೂ 2022ರ ಅದೇ ನಿರ್ದೇಶನದಲ್ಲಿದೆ.

ಒತ್ತೆಯಿಡಲು ಒಡವೆ ಇಲ್ಲದವರು ಬ್ಯಾಂಕಿಗೇ ಹೋಗಿ, ಬಾಕಿಯನ್ನು ಕಡಿಮೆ ಬಡ್ಡಿಯ ಮಾಸಿಕ ಕಂತುಗಳಾಗಿ ಮಾರ್ಪಡಿಸುವಂತೆ ಲಿಖಿತವಾಗಿ ಕೇಳಬೇಕು. ಸ್ವಲ್ಪ ಹಣಕ್ಕೆ ಪೂರ್ತಿ ಚುಕ್ತಾ ಎಂಬ ರಾಜಿಗೆ ಅವಸರಪಡಬಾರದು. ಅದು ಸಾಲದ ದಾಖಲೆಯಲ್ಲಿ ಉಳಿದು ಮುಂದೆ ಸಾಲ ದೊರೆಯುವುದಕ್ಕೆ ಅಡ್ಡಿಯಾಗುತ್ತದೆ. ಇಂಥ ಸಂಕಟದಲ್ಲಿ ಮೊಬೈಲಿನೊಳಗೆ ನಿಮಿಷದಲ್ಲಿ ಸಾಲ ಕೊಡುವವರ ಕಡೆಗೆ ತಿರುಗಿಯೂ ನೋಡಬಾರದು.

ವಸೂಲಿಯ ಭಯಕ್ಕೂ ಒಂದು ಮಾತು. 2025ರ ಜನವರಿಯಲ್ಲಿ ಸಣ್ಣಸಾಲ ಸಂಸ್ಥೆಗಳ ವಸೂಲಿಗೆ ಹೆದರಿ, ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ನಮ್ಮ ಮೈಸೂರು, ಚಾಮರಾಜನಗರ ಜಿಲ್ಲೆಗಳಿಂದಲೇ ಬಂದಿತು. ಮರುತಿಂಗಳು ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿತು. ಬ್ಯಾಂಕುಗಳ ವಸೂಲಿಗಾರರು ಬೆಳಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಬಳಿಕ ದೂರವಾಣಿ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಆದೇಶಿಸಿತ್ತು. ಬ್ಯಾಂಕಿಗೆ ದೂರು ಕೊಟ್ಟು 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಶುಲ್ಕವಿಲ್ಲ. ಸಾಲಗಾರನಾಗುವುದು ಅಪರಾಧವಲ್ಲ. ಊರು ಬಿಡುವಂಥದ್ದಂತೂ ಅಲ್ಲವೇ ಅಲ್ಲ. ಜೀವ ಬಿಡುವ ಮಾತಿರಲಿ.

ಇನ್ನು ಆ ಲಿಂಗದೀಕ್ಷೆಯ ಸಂಗತಿ. ಮುಂದೂಡಲು ಕಾರಣವೇನೆಂದು ಮತ್ತೆ ಕೇಳಿದಾಗ, ಇನ್ನೂರು ಜನರ ಊಟದ ಖರ್ಚು ಎಂದರು. ದೀಕ್ಷೆಗೆ ಬೇಕಾದುದು ವಿಭೂತಿ, ಲಿಂಗ, ಮಗುವಿನ ನಿರ್ಮಲ ಮನಸ್ಸು. ಇನ್ನೂರು ಜನರ ಊಟವನ್ನು ಕೇಳಿದ್ದು ನೆರೆಹೊರೆಯ ಕಣ್ಣು, ಧರ್ಮವಲ್ಲ. ಹೇಳಿದ ದಿನದಂದೇ ಅವರ ಮನೆಯಲ್ಲಿ ದೀಕ್ಷೆ ನಡೆಯಿತು. ಮನೆಯವರು, ನಾವು, ಕೋಲೂರಿಕೊಂಡು ಬಂದು ಕುಳಿತ ಆ ಹುಡುಗನ ಅಜ್ಜ; ಇಷ್ಟೇ ಜನ. ಪಾಯಸ ಬಡಿಸಿದ ತಾಯಿಯ ಕೈಯಲ್ಲಿ ಗಾಜಿನ ಬಳೆಗಳಿದ್ದವು.

ಆರು ಕಂತುಗಳು ಸಂದಿವೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳೂ ಉಳಿದ ಅಸಲನ್ನು ಬರೆಯುವವರು ಆಕೆಯೇ. ಈ ತಿಂಗಳು ಅಲ್ಲಿ 63,000 ಎಂದಿದೆ. ಅದರ ಕೆಳಗೆ ‘ಮಾತ್ರೆ ತಂದಾಯಿತು’ ಎಂದೂ ಬರೆದಿದೆ. ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿ ಮುಚ್ಚಿಟ್ಟ ಬಿಲ್ಲು ಯಾವುದಾದರೂ ಇದ್ದರೆ ಇಂದು ರಾತ್ರಿಯ ಊಟದ ಬಳಿಕ ಅದನ್ನು ಎಲ್ಲರೆದುರು ಬಿಚ್ಚಿರಿ. ಶರಣು.