ಗುಟ್ಟಾಗಿರಬೇಕಾದ್ದು ದೂರು, ಸಮಿತಿಯಲ್ಲ!

ನಮ್ಮ ಊರುಗಳು ಎಷ್ಟು ಚಿಕ್ಕವು ಅನ್ನೋದು ಓದುಗರಿಗೆ ಹೇಳಬೇಕಾಗಿಲ್ಲ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದ ಬಸ್ಸಿಗೆ ಚಿಂತಾಮಣಿ ಸೇರುತ್ತದೆ. ಇಂಥ ಕಡೆ ಕಾಲೇಜು ಹುಡುಗಿಯೊಬ್ಬಳು ‘ಮೇಷ್ಟ್ರು ಮಾರ್ಕ್ಸಿನ ನೆಪದಲ್ಲಿ ಮೈ ಮುಟ್ಟುತ್ತಾರೆ’ ಅಂತ ದೂರು ಕೊಟ್ಟರೆ, ಅವಳಿಗಿಂತ ಮೊದಲು ಸುದ್ದಿ ಮನೆ ಸೇರಿರುತ್ತದೆ. ಆಮೇಲೆ? ಮೇಷ್ಟ್ರ ಪಾಠ ನಡೀತಾನೇ ಇರುತ್ತೆ, ಹುಡುಗಿಯ ಓದು ನಿಲ್ಲುತ್ತೆ, ಮನೆಯಲ್ಲಿ ಗಂಡು ಹುಡುಕೋದು ಶುರುವಾಗುತ್ತೆ. ಹೆಣ್ಣುಮಕ್ಕಳು ಬಾಯಿ ಬಿಡದಿರುವುದಕ್ಕೆ ಬೇರೆ ಕಾರಣ ಬೇಕೆ?

ಕಾನೂನು ಇಲ್ಲ ಅಂತಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ವಿಶಾಖಾ ತೀರ್ಪು ಕೊಟ್ಟಿತು. 2013ರಲ್ಲಿ ಕಾಯ್ದೆ ಬಂತು. ಕಾಲೇಜುಗಳಿಗೆಂದೇ ಯುಜಿಸಿ 2015ರ ನಿಯಮಾವಳಿ ತಂದಿತು. ಹತ್ತು ಜನ ನೌಕರರಿರುವ ಕಡೆಯೆಲ್ಲ ಆಂತರಿಕ ದೂರು ಸಮಿತಿ ಇರಲೇಬೇಕು. ಅಧ್ಯಕ್ಷೆ ಹೆಂಗಸಾಗಿರಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದೆ ಹೆಂಗಸರಿರಬೇಕು, ಹೊರಗಿನವರೊಬ್ಬರು ಇರಬೇಕು. ಸಮಿತಿ ಮಾಡದಿದ್ದರೆ ಐವತ್ತು ಸಾವಿರ ರೂಪಾಯಿವರೆಗೆ ದಂಡ.

ಅದೇ ಕಾಯ್ದೆಯ 16ನೇ ಕಲಮು ನೋಡಿ. ದೂರು ಕೊಟ್ಟವರ ಹೆಸರು, ಆಪಾದಿತನ ಹೆಸರು, ಸಾಕ್ಷಿಗಳ ಹೆಸರು ಯಾವುದೂ ಹೊರಗೆ ಬರಕೂಡದು. ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಕೊಡುವಂತಿಲ್ಲ. ‘ಸುಳ್ಳು ದೂರು ಬಂದರೆ ಮೇಷ್ಟ್ರ ಮಾನ ಏನಾಗಬೇಕು ಸ್ವಾಮಿ?’ ಅನ್ನುವವರಿಗೂ ಇದೇ ಉತ್ತರ. ಗುಟ್ಟು ಇಬ್ಬರನ್ನೂ ಕಾಯುತ್ತದೆ.

2023ರಲ್ಲಿ ಗೋವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಕೇಸಿನಲ್ಲಿ, ವಿಚಾರಣೆ ಅವಸರದಲ್ಲಿ ಮುಗಿಸಿದ್ದಾರೆ ಅಂತ ಸುಪ್ರೀಂ ಕೋರ್ಟು ವಜಾ ಆದೇಶವನ್ನೇ ರದ್ದು ಮಾಡಿ, ಮತ್ತೆ ವಿಚಾರಣೆಗೆ ಕಳಿಸಿತು. ಅದೇ ತೀರ್ಪಿನಲ್ಲಿ, ಸಮಿತಿ ಸದಸ್ಯರ ಹೆಸರು, ಫೋನ್ ನಂಬರು ಎಲ್ಲರಿಗೂ ಸಿಗುವಂತಿರಬೇಕು ಅಂತಲೂ ಹೇಳಿತು.

ಈಗ ನಿಮ್ಮ ಮಗಳನ್ನೇ ಕೇಳಿ, ಕಾಲೇಜಿನ ಸಮಿತಿಯಲ್ಲಿ ಯಾರ್ಯಾರಿದ್ದಾರೆ ಅಂತ. ಹೇಳಿದರೆ ಸಂತೋಷ. ಹೇಳದಿದ್ದರೆ ಆ ಸಮಿತಿ ಇದ್ದೂ ಇಲ್ಲದ ಹಾಗೆ. ದೂರು ಪೆಟ್ಟಿಗೆಯನ್ನು ಪ್ರಿನ್ಸಿಪಾಲರ ಬಾಗಿಲಲ್ಲೇ ತೂಗುಹಾಕಿದರೆ ಹಗಲು ಹೊತ್ತು ಅದರೊಳಗೆ ಚೀಟಿ ಹಾಕೋ ಧೈರ್ಯ ಯಾರಿಗಿದೆ?

ಓದೋ ಹುಡುಗಿಯರ ಪಾಡು ಮಾತ್ರವಲ್ಲ ಇದು. ಮುಂದಿನ ವರ್ಷವೂ ಕೆಲಸ ಸಿಗುತ್ತೋ ಇಲ್ಲವೋ ಅನ್ನುವ ಅತಿಥಿ ಉಪನ್ಯಾಸಕಿ, ಕಸ ಗುಡಿಸುವ ಹೆಂಗಸು, ಇವರೂ ದೂರು ಕೊಡಬಹುದು. ಗಂಡುಹುಡುಗರಿಗೂ ಇಂಥ ಕಾಟ ತಪ್ಪಿದ್ದಲ್ಲ ಅಂತ ಯುಜಿಸಿಯೇ ಒಪ್ಪಿದೆ. ದೂರಿಗೆ ಮೂರು ತಿಂಗಳ ಗಡುವು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು. ‘ದುಡ್ಡು ತಗೊಂಡು ಸುಮ್ಮನಾಗಮ್ಮ’ ಅನ್ನೋ ರಾಜಿ ಪಂಚಾಯ್ತಿಗೆ ಕಾಯ್ದೆಯಲ್ಲಿ ಜಾಗವಿಲ್ಲ.

ಹದಿನೆಂಟು ತುಂಬದ ಪಿಯುಸಿ ಮಕ್ಕಳ ದಾರಿ ಬೇರೆ. ಅಲ್ಲಿ 2012ರ ಪೋಕ್ಸೊ ಕಾಯ್ದೆ ಇದೆ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅಪರಾಧ. ಆದರೆ ಮಗುವಿನ ಗುರುತು ಹೊರಬೀಳಕೂಡದು. ಈ ಮಾತು ನಮ್ಮ ಪತ್ರಿಕೆಗಳಿಗೂ ಸೇರಿಯೇ ಹೇಳಿದ್ದು.

ಆಡಳಿತ ಮಂಡಳಿಯ ಯಜಮಾನರ ಮೇಲೇ ದೂರಿದ್ದರೆ? ಅದಕ್ಕೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇರಬೇಕು. ದೂರು ತೆಗೆದುಕೊಂಡು ಏಳು ದಿನದೊಳಗೆ ಅಲ್ಲಿಗೆ ಮುಟ್ಟಿಸಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು. ಗೌರಿಬಿದನೂರಿನ ಹುಡುಗಿ ಚಿಕ್ಕಬಳ್ಳಾಪುರದವರೆಗೆ ಅಲೆಯಬಾರದು ಅನ್ನೋದೇ ಇದರ ಉದ್ದೇಶ.

ಜಿಲ್ಲಾಡಳಿತಕ್ಕೆ ನಮ್ಮ ಬೇಡಿಕೆ ಇಷ್ಟೇ. ಆ ಅಧಿಕಾರಿಗಳ ಹೆಸರು, ನಂಬರು ಪ್ರತಿ ಕಾಲೇಜಿನ ಗೇಟಿನಲ್ಲಿ ಬರೆಸಿ. ಹೊರಗಿನ ಸದಸ್ಯರನ್ನು ಬೇರೆ ತಾಲ್ಲೂಕಿನಿಂದ ಕರೆತನ್ನಿ. ದೂರು ಪೆಟ್ಟಿಗೆಯನ್ನು ಹೆಣ್ಣುಮಕ್ಕಳ ವಿಶ್ರಾಂತಿ ಕೊಠಡಿಗೆ ಸಾಗಿಸಿ. ಅದರ ಬೀಗದ ಕೈ ಸಮಿತಿಯ ಅಧ್ಯಕ್ಷೆಯ ಹತ್ತಿರವೇ ಇರಲಿ.